ಹಳೇ ಪೆಟ್ರೋಲ್ ಜೀಪ್ ಘಾಟಿ ಹತ್ತುವಾಗ ಆಫ್ ಆಗ್ತಿದೆ, ಕಾರ್ಬುರೇಟರೇ ಕಾರಣನಾ?

ಮೂಡಿಗೆರೆ_ಜೀಪು

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಅಪ್ಪನ ಕಾಲದ ಮಹೀಂದ್ರ ಪೆಟ್ರೋಲ್ ಜೀಪ್ ಇದೆ, ಅದೇ ಹಳೇ ಹರಿಕೇನ್ ಇಂಜಿನ್ನು 2.2 ಲೀಟರಿಂದು, ಸೋಲೆಕ್ಸ್ ಕಾರ್ಬುರೇಟರು, ಹಿಂದಿನ ಸೀಟೆಲ್ಲ ತೆಗೆಸಿ ಪಿಕಪ್ ಥರ ಬಾಡಿ ಕಟ್ಟಿಸಿದಾರೆ. ಊರಲ್ಲಿ ಎಲ್ರೂ ಡೀಸೆಲ್ ಇಂಜಿನ್ ಕೂರಿಸ್ಕೊಂಡ್ರು, ಅಪ್ಪ ಮಾತ್ರ ಒಪ್ಪಲಿಲ್ಲ. ಈಗ ಅವರಿಲ್ಲ, ನಂಗೂ ಇಂಜಿನ್ ಬದಲಾಯಿಸೋಕೆ ಮನಸ್ಸು ಬರ್ತಿಲ್ಲ.

ವಿಷಯ ಏನಂದ್ರೆ, ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ, ತೋಟದೊಳಗೆ ಎರಡು ಮೂರು ಕಿಲೋಮೀಟರ್ ಓಡಾಡಿದ್ರೆ ಏನೂ ತೊಂದರೆ ಇಲ್ಲ. ಹೋದ ತಿಂಗಳು ಉಜಿರೆಗೆ ಹೋಗಿ ಅಲ್ಲೇ ಟ್ಯಾಂಕ್ ಫುಲ್ ಮಾಡಿಸಿ ಲೋಡ್ ಹಾಕ್ಕೊಂಡು ಚಾರ್ಮಾಡಿ ಹತ್ತುತಾ ಇದ್ದೆ, ತಿರುವುಗಳು ಶುರು ಆದಮೇಲೆ ಮೊದಲು ಮಿಸ್ ಹೊಡೆಯೋಕೆ ಶುರುವಾಯ್ತು, ಆಮೇಲೆ ಜರ್ಕ್, ಆಮೇಲೆ ಯಾರೋ ಕತ್ತು ಹಿಸುಕಿದ ಹಾಗೆ ನಿಧಾನಕ್ಕೆ ಆಫ್. ಹದಿನೈದು ನಿಮಿಷ ಬಿಟ್ಟು ನೋಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್. ಮತ್ತೆ ಸ್ವಲ್ಪ ದೂರ ಹೋಗಿ ಅದೇ ಕಥೆ. ಕೊಟ್ಟಿಗೆಹಾರ ಮುಟ್ಟೋ ಹೊತ್ತಿಗೆ ಐದು ಸಲ ನಿಂತಿದೆ, ಮಳೆ ಮಂಜು ಬೇರೆ, ಹಿಂದೆ ಲಾರಿ ಸಾಲು.

ಗ್ಯಾರೇಜಲ್ಲಿ ಎರಡು ಸಲ ಕಾರ್ಬುರೇಟರ್ ಬಿಚ್ಚಿ ಜೆಟ್ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಬಿಡಿಭಾಗ) ಊದಿ, ಒಳಗಿನ ವಾಷರ್, ಡಯಾಫ್ರಮ್ ಎಲ್ಲ ಇರೋ ಹೊಸ ಕಿಟ್ ಹಾಕಿದ್ರು, ಏನೂ ಪ್ರಯೋಜನ ಇಲ್ಲ. ಈಗ ಹೊಸ ಕಾರ್ಬುರೇಟರೇ ತಂದುಬಿಡಿ ಅಂತಿದಾರೆ. ತರಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ವರ್ಕ್‌ಶಾಪ್

ಅಣ್ಣಾರ, ಸದ್ಯಕ್ಕ ಹೊಸಾ ಕಾರ್ಬೋರೇಟರ್ ತರಬ್ಯಾಡ್ರಿ. ಎರಡ ಸಲ ಬಿಚ್ಚಿ ತೊಳದ ಮ್ಯಾಲೂ ಹಂಗ ಐತಿ ಅಂದ್ರ ತೊಂದ್ರೆ ಬ್ಯಾರೆ ಕಡೆ ಐತಿ ಅಂತ ಅರ್ಥ.

ಮದ್ಲ ಒಂದ ಕೆಲಸ ಮಾಡ್ರಿ. ಗಾಡಿ ಬಂದ್ ಬಿದ್ದ ಕೂಡ್ಲೆ, ಹದಿನೈದ ನಿಮಿಷ ಬಿಟ್ಟ ಅಲ್ಲ, ಬಿದ್ದ ಕೂಡ್ಲೆ ಬಾನೆಟ್ ತಗದು ಕಾರ್ಬೋರೇಟರ್ ಮ್ಯಾಲಿನ ಏರ್ ಕ್ಲೀನರ್ ಪೈಪ್ ಬಿಚ್ರಿ. ಒಳಗ ನೋಡಕೋತ ಕೈಲೆ ಎಕ್ಸಲೇಟರ್ ಲಿವರ್ ಜಗ್ರಿ. ಪೆಟ್ರೋಲ್ ಸಣ್ಣ ದಾರದಂಗ ಚಿರ್ ಅಂತ ಚಿಮ್ಮಿದ್ರ ಕಾರ್ಬೋರೇಟರ್ ಬಟ್ಟಲದಾಗ ಪೆಟ್ರೋಲ್ ಐತಿ, ಹಂಗಿದ್ರ ಕರೆಂಟ್ ಕಡೆ, ಅಂದ್ರ ಪ್ಲಗ್ಗಿಗೆ ಕಿಡಿ ಕೊಡೂ ಕಡೆ ನೋಡಬೇಕು. ಕಂಡೆನ್ಸರ್ ಬಿಸಿ ಆದ ಮ್ಯಾಲೆ ಕೈ ಕೊಡೂದು ಈ ಗಾಡಿಗೆ ಹೊಸಾದಲ್ಲ, ಕಾಯಿಲೂ ಅಷ್ಟ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 20 ಥೌ (ಒಂದ ಥೌ ಅಂದ್ರ ಇಂಚಿನ ಸಾವಿರದಾಗ ಒಂದ ಪಾಲು), ಅಂದ್ರ ಅರ್ಧ ಎಂಎಂ, ಪ್ಲಗ್ ಗ್ಯಾಪ್ 30 ಥೌ ಇಟ್ಟು ನೋಡ್ರಿ. ಒಂದ ಹನಿನೂ ಬರಲಿಲ್ಲ ಅಂದ್ರ ಟ್ಯಾಂಕಿನಿಂದ ಇಲ್ಲೀ ತನಕ ಪೆಟ್ರೋಲ್ ಬರೂದ ನಿಂತೈತಿ. ಇದೊಂದ ಗೊತ್ತಾದ್ರ ಅರ್ಧ ಕೆಲಸ ಮುಗೀತು. ಹತ್ರ ಬೀಡಿ ಸಿಗರೇಟ್ ಹಚ್ಚವ್ರನ್ನ ನಿಲ್ಲಿಸಕೋಬ್ಯಾಡ್ರಿ, ಬಿಸಿ ಇಂಜಿನ್ ಅದು.

ಹಳೇಗಾಡಿ_ಬೆಂಗಳೂರು

ಮೇಲಿನವರು ಹೇಳಿದ್ದು ಸರಿ, ಜೊತೆಗೆ ಪೆಟ್ರೋಲ್ ಪೈಪನ್ನೂ ನೋಡಿ ಸರ್. 2023ರ ಫೆಬ್ರವರಿಲಿ ನಮ್ಮ ಬೆಂಗಳೂರಲ್ಲೇ ಇ20 ಬಿಡುಗಡೆ ಆಗಿದ್ದು, ಅಂದ್ರೆ 20 ಪರ್ಸೆಂಟ್ ಎಥನಾಲ್ ಇರೋ ಪೆಟ್ರೋಲು. ನಮ್ಮ ಹಳೇ ಗಾಡಿಗಳ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು (ಒಳಗಿನ ಪರದೆ) ಇದಕ್ಕೆ ಅಂತ ಮಾಡಿದ್ದಲ್ಲ. ಪೈಪು ಹೊರಗಡೆಯಿಂದ ಚೆನ್ನಾಗೇ ಕಾಣತ್ತೆ, ಒಳಗೆ ಊದಿಕೊಂಡು ದಾರಿ ಕಿರಿದಾಗಿರತ್ತೆ. ನನ್ನ ಒಮ್ನಿದು ಬ್ಲೇಡಲ್ಲಿ ಉದ್ದಕ್ಕೆ ಸೀಳಿ ನೋಡಿದಾಗ ಒಳಪದರ ಮೆತ್ತಗೆ ಜಿಗುಟಾಗಿ ಬೆರಳಿಗೆ ಕಪ್ಪು ಹತ್ತುತಿತ್ತು, ಅದೇ ಕಪ್ಪು ಚೂರು ಹೋಗಿ ಕಾರ್ಬುರೇಟರ್ ಬಟ್ಟಲಿಗೆ ಪೆಟ್ರೋಲ್ ಬಿಡೋ ನೀಡಲ್ ವಾಲ್ವಲ್ಲಿ ಕೂತ್ಕೊಳ್ತಿತ್ತು.

ಇನ್ನೊಂದು, ಎಥನಾಲ್ ಉರಿಯೋಕೆ ಗಾಳಿ ಕಮ್ಮಿ ಸಾಕು. ತೂಕದಲ್ಲಿ ಒಂದು ಪಾಲು ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದ್ರೆ ಇ20ಗೆ ಸುಮಾರು 13.5. ಜೆಟ್ ಅದೇ ಇರೋದ್ರಿಂದ ಮಿಕ್ಸ್ಚರ್ ಸ್ವಲ್ಪ ಲೀನ್ ಆಗತ್ತೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಪ್ಲಗ್ ಬಿಚ್ಚಿ ಬಣ್ಣ ನೋಡಿ, ತಿಳಿ ಕಂದು ಇದ್ರೆ ಸರಿ, ಸುಣ್ಣದ ಥರ ಬೆಳ್ಳಗಿದ್ರೆ ಲೀನ್, ಮಸಿ ಹಿಡಿದಿದ್ರೆ ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ದಯವಿಟ್ಟು ಜೆಟ್ಟಿಗೆ ತಂತಿ ಹಾಕಿ ತಿವಿಯೋಕೆ ಬಿಡಬೇಡಿ, ಆ ತೂತಿನ ಅಳತೆನೇ ಅದರ ಜೀವ.

ವೇಪರ್ ಲಾಕೂ ಇರಬಹುದು, ಅಂದ್ರೆ ಬಿಸಿಗೆ ಪೈಪೊಳಗೆ ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲೋದು. ಪೈಪ್ ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ರ ಹಾದು ಹೋಗಿದ್ಯಾ ನೋಡಿ.

ಮೂಡಿಗೆರೆ_ಜೀಪು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬೇಕು ಅಂತಲೇ ಮತ್ತೆ ಟ್ಯಾಂಕ್ ಫುಲ್ ಮಾಡಿ ಘಾಟಿ ಇಳಿದು ಹತ್ತಿಸಿದೆ, ನಿಂತ ಕೂಡಲೇ ಪೈಪ್ ಬಿಚ್ಚಿ ಲಿವರ್ ಎಳೆದೆ, ಒಂದು ಹನಿ ಪೆಟ್ರೋಲ್ ಇಲ್ಲ! ಪಂಪಿನ ಕೆಳಗಿನ ಬಟ್ಟಲೂ ಮುಕ್ಕಾಲು ಖಾಲಿ. ಅಲ್ಲಿಗೆ ಕರೆಂಟಿಂದಲ್ಲ ಅಂತಾಯ್ತು. ಮನೆಗೆ ಬಂದು ಪೈಪ್ ಎಲ್ಲ ಹೊಸದು ಹಾಕಿದೆ, ಹಳೇದು ಸೀಳಿದಾಗ ನೀವು ಹೇಳಿದ ಹಾಗೇ ಜಿಗುಟಿತ್ತು. ಮ್ಯಾನಿಫೋಲ್ಡಿಂದ ದೂರಾನೇ ಇದೆ. ಆದ್ರೂ ಇವತ್ತು ಮತ್ತೆ ನಿಂತಿತು.

ಒಂದು ವಿಚಿತ್ರ ನೋಡಿ, ಟ್ಯಾಂಕ್ ಫುಲ್ ಇದ್ದಾಗಲೇ ಬೇಗ ನಿಲ್ಲೋದು. ಕಾಲು ಟ್ಯಾಂಕ್ ಇದ್ರೆ ಇನ್ನೂ ಸ್ವಲ್ಪ ದೂರ ಹೋಗತ್ತೆ. ಇದು ಉಲ್ಟಾ ಅಲ್ವಾ?

ಫ್ರೀಮಾಂಟ್_ಕನ್ನಡಿಗ

ನಮಸ್ಕಾರ, ನಾನು ಕ್ಯಾಲಿಫೋರ್ನಿಯಾದಲ್ಲಿರೋದು, ಊರು ಸಕಲೇಶಪುರದ ಕಡೆ. ನನ್ನ ಹತ್ರ 22ಆರ್ ಇಂಜಿನ್ನಿನ ಹಳೇ ಟೊಯೋಟಾ ಪಿಕಪ್ ಇದೆ, ಅದರ ಕಾರ್ಬುರೇಟರ್ ಬಟ್ಟಲಿಗೆ ಒಂದು ಸಣ್ಣ ಗಾಜಿನ ಕಿಟಕಿ ಇರೋದ್ರಿಂದ ಪೆಟ್ರೋಲ್ ಮಟ್ಟ ಹೊರಗಿಂದಲೇ ಕಾಣತ್ತೆ. ಒಂದು ಸಲ ಹೀಗೇ ನಿಂತಾಗ ಕಿಟಕಿಲಿ ಪೆಟ್ರೋಲೇ ಇರಲಿಲ್ಲ.

ನೀವು ಹೇಳಿದ ಫುಲ್ ಟ್ಯಾಂಕ್ ವಿಷಯ ಓದಿದ ಕೂಡಲೇ ಅದು ನೆನಪಾಯ್ತು. ಟ್ಯಾಂಕಿಂದ ಪೆಟ್ರೋಲ್ ಎಷ್ಟು ಹೊರಗೆ ಹೋಗತ್ತೋ ಅಷ್ಟು ಗಾಳಿ ಒಳಗೆ ಬರಬೇಕು. ಗಾಳಿಗೆ ದಾರಿ ಇಲ್ಲದಿದ್ರೆ ಒಳಗೆ ವ್ಯಾಕ್ಯೂಮ್ ಆಗಿ ಪಂಪಿಗೆ ಎಳೆಯೋಕೆ ಆಗಲ್ಲ. ಟ್ಯಾಂಕ್ ಫುಲ್ ಇದ್ರೆ ಮೇಲೆ ಗಾಳಿ ಇರೋ ಜಾಗ ಒಂದು ಹಿಡಿಯಷ್ಟು, ಅದಕ್ಕೆ ವ್ಯಾಕ್ಯೂಮ್ ಬೇಗ ಹಿಡಿಯತ್ತೆ. ಹತ್ತಿಪ್ಪತ್ತು ನಿಮಿಷ ನಿಲ್ಲಿಸಿದ್ರೆ ನಿಧಾನಕ್ಕೆ ಎಲ್ಲಿಂದಲೋ ಗಾಳಿ ನುಸುಳಿ ಸರಿಹೋಗತ್ತೆ. ತೋಟದೊಳಗೆ ಎರಡು ಕಿಲೋಮೀಟರಿಗೆ ಇದು ಗೊತ್ತೇ ಆಗಲ್ಲ, ಘಾಟಿಲಿ ಲೋಡ್ ಹಾಕ್ಕೊಂಡು ತುಳಿದಾಗ ಗೊತ್ತಾಗತ್ತೆ. ಟ್ಯಾಂಕ್ ಮುಚ್ಚಳ ಇತ್ತೀಚೆಗೆ ಏನಾದ್ರೂ ಬದಲಾಯಿಸಿದ್ರಾ? ಮುಂದಿನ ಸಲ ನಿಂತಾಗ ಬೇರೆ ಏನೂ ಮುಟ್ಟದೆ ಮುಚ್ಚಳ ತೆಗೆದು ಕಿವಿಗೊಟ್ಟು ಕೇಳಿ.

ಮೂಡಿಗೆರೆ_ಜೀಪು

ಸರ್, ನಿಮ್ಮ ಕಾಲಿಗೆ ಬಿದ್ದೆ. ಹೌದು, ದೀಪಾವಳಿ ಟೈಮಲ್ಲಿ ಪೆಟ್ರೋಲ್ ಬಂಕಲ್ಲಿ ಮುಚ್ಚಳ ಮರೆತು ಬಂದು, ಸಿಕ್ಕಿದ ಒಂದು ಮುಚ್ಚಳ ಹಾಕಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ಇವತ್ತು ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿದೆ, ಸುಸ್ಸ್ಸ್ ಅಂತ ಉದ್ದಕ್ಕೆ ಗಾಳಿ ಎಳ್ಕೊಳ್ತು, ಟ್ಯಾಂಕಿನ ತಗಡು ಟಣ್ ಅಂತ ಸದ್ದು ಮಾಡ್ತು. ಪಂಪಿನ ಲಿವರ್ ಕೈಲಿ ನಾಲ್ಕು ಸಲ ಹೊಡೆದು ಸೆಲ್ಫ್ ಕೊಟ್ಟೆ, ಸ್ಟಾರ್ಟ್! ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು ಕೊಟ್ಟಿಗೆಹಾರದ ತನಕ ಒಂದೇ ಉಸಿರಲ್ಲಿ ಹತ್ತಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಅವರಿಗೂ ಖುಷಿ.

ಎರಡು ಪ್ರಶ್ನೆ ಉಳಿದಿದೆ. ಈ ಮುಚ್ಚಳಕ್ಕೆ ಡ್ರಿಲ್ಲಲ್ಲಿ ಒಂದು ತೂತು ಹೊಡೆದ್ರೆ ಆಗತ್ತಾ? ಮತ್ತೆ ಕಿಟ್ ಹಾಕಿದ ಮೇಲಿಂದ ಸ್ಲೋದಲ್ಲಿದ್ದಾಗ ಜೋರಾಗಿ ತುಳಿದ್ರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎತ್ತಿಕೊಳ್ಳತ್ತೆ, ಮೊದಲು ಹೀಗಿರಲಿಲ್ಲ.

ಹುಬ್ಬಳ್ಳಿ_ವರ್ಕ್‌ಶಾಪ್

ಭಾಳ ಚಲೋ ಆತು ನೋಡ್ರಿ. ತೂತು ಮಾತ್ರ ಹೊಡೀಬ್ಯಾಡ್ರಿ ಅಣ್ಣಾರ, ನಿಮ್ಮ ಕಡೆ ಮಳಿ ಅಂದ್ರ ಮಳಿ, ನೀರ ಸೀದಾ ಟ್ಯಾಂಕಿಗೆ ಇಳೀತೈತಿ, ಎಥನಾಲ್ ಇರೂ ಪೆಟ್ರೋಲಿಗೆ ನೀರ ಸೇರಿದ್ರ ಬ್ಯಾರೆ ಆಗಿ ತಳಕ್ಕ ಕುಂದರತೈತಿ. ಇಳಿಜಾರಿನ್ಯಾಗ ಪೆಟ್ರೋಲ್ ಹೊರಗ ಚೆಲ್ಲತೈತಿ, ಅದು ಸೀಟಿನ ಕೆಳಗಿನ ಟ್ಯಾಂಕ್ ಬ್ಯಾರೆ. ಗಾಳಿ ಎಳಕೊಳ್ಳೂ ವಾಲ್ವ್ ಇರೂ ಮುಚ್ಚಳಾನ ಹಾಕ್ರಿ.

ಎರಡನೇದು ಎಕ್ಸಲೇಟರ್ ಪಂಪಿಂದು, ಅಂದ್ರ ತುಳಿದ ಕೂಡ್ಲೆ ಹೆಚ್ಚಿಗಿ ಪೆಟ್ರೋಲ್ ಚಿಮ್ಮಸೂ ಕಾರ್ಬೋರೇಟರ್ ಒಳಗಿನ ಸಣ್ಣ ಪಂಪ್. ಇಂಜಿನ್ ಬಂದ್ ಮಾಡಿ ಅದ ಟೆಸ್ಟ್ ಮತ್ತೊಮ್ಮೆ ಮಾಡ್ರಿ. ಲಿವರ್ ಅಲುಗಾಡಿಸಿದ ಕೂಡ್ಲೆ ಚಿಮ್ಮಬೇಕು, ಅರ್ಧ ಎಳದ ಮ್ಯಾಲೆ ಚಿಮ್ಮಿದ್ರ ಆ ಪಂಪಿನ ರಾಡ್ ಸಡ್ಲ ಐತಿ, ಇಲ್ಲಾ ಡಯಾಫ್ರಮ್ ಸರಿ ಕುಂತಿಲ್ಲ. ಕಿಟ್ ಹಾಕುವಾಗ ಆಗೂ ತಪ್ಪು ಇದು, ಅದ ಮೇಸ್ತ್ರಿ ಹತ್ರಾನ ಹೋಗಿ ಹೇಳ್ರಿ, ಹತ್ತ ನಿಮಿಷದ ಕೆಲಸ.

ಹಳೇಗಾಡಿ_ಬೆಂಗಳೂರು

ಮುಚ್ಚಳ ಊರಲ್ಲಿ ಸಿಗದಿದ್ರೆ ಬೆಂಗಳೂರಿಗೆ ಬಂದಾಗ ಜೆ.ಸಿ. ರೋಡಲ್ಲಿ ಜೀಪ್ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ, ಈಗಿರೋದನ್ನ ಅಳತೆಗೆ ಕೈಲಿ ಹಿಡ್ಕೊಂಡೇ ಹೋಗಿ. ಕೊಳ್ಳೋ ಮುಂಚೆ ಒಳಗಡೆಯಿಂದ ಬಾಯಿ ಇಟ್ಟು ಎಳೆದು ನೋಡಿ, ಗಾಳಿ ಬಂದ್ರೆ ಮಾತ್ರ ದುಡ್ಡು ಕೊಡಿ.