ಖಾಲಿ ಪ್ರೊಪೇನ್ ಟ್ಯಾಂಕಿನ ವಾಲ್ವ್ ಕದಲುತ್ತಿಲ್ಲ: ಟಾರ್ಚ್‌ನಿಂದ ಕಾಯಿಸಬಹುದೇ?

ಕುಲುಮೆಪ್ರಿಯ:
ಕುಲುಮೆಯ ಗೂಡು ಮಾಡಲೆಂದು ಇಟ್ಟುಕೊಂಡ ಪ್ರೊಪೇನ್ ಟ್ಯಾಂಕಿನ ಹಿತ್ತಾಳೆ ವಾಲ್ವ್ ಜಪ್ಪಯ್ಯ ಎಂದರೂ ಕದಲುತ್ತಿಲ್ಲ. ಸ್ಪ್ಯಾನರ್ ಹಾಕಿದರೆ ಟ್ಯಾಂಕೇ ತಿರುಗುತ್ತದೆ. ಅನಿಲ ಮುಗಿದಿದೆ, ವಾಸನೆಯೂ ಇಲ್ಲ. ಬುಡವನ್ನು ಬೆಂಕಿ ಹೊಮ್ಮಿಸುವ ಟಾರ್ಚ್‌ನಿಂದ ಕಾಯಿಸಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ. ಬೇರೆ ಉಪದೇಶ ಬೇಡ.

ತಿರುಪುಮೊಳೆ:
ಗ್ಯಾಸ್ ಫಿಟ್ಟಿಂಗ್‌ಗಳಲ್ಲಿ ಉಲ್ಟಾ ಥ್ರೆಡ್ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥದು. ನೀವು ಬಿಗಿ ಮಾಡುತ್ತಿದ್ದೀರಿ, ಅಷ್ಟೇ.

ಶೆಡ್ಡಿನವ:
ಮನೆಯ 14.2 ಕಿಲೋ ಸಿಲಿಂಡರ್ ಆಗಿದ್ದರೆ ಅದು ಕಂಪನಿಯ ಸ್ವತ್ತು, ನೀವು ಕಟ್ಟಿರುವುದು ಠೇವಣಿ ಮಾತ್ರ. ಅದನ್ನು ಮುಟ್ಟಲೇಬೇಡಿ.

ಕುಲುಮೆಪ್ರಿಯ:
ನಾನಿರುವುದು ಟೆಕ್ಸಾಸ್‌ನಲ್ಲಿ. ಇದು ನಾನೇ ಕೊಂಡ 20 ಪೌಂಡಿನ ಬಾರ್ಬೆಕ್ಯೂ ಟ್ಯಾಂಕು. ಇದನ್ನೂ ಹೇಳಬೇಕೆಂದು ತೋಚಿರಲಿಲ್ಲ.

ತಿರುಪುಮೊಳೆ:
ಅಮೆರಿಕದ್ದಾದರೆ ಖಂಡಿತ ಉಲ್ಟಾ ಥ್ರೆಡ್. ಟ್ಯಾಂಕಿಗೆ ಮೆದುಗೊಳವೆ ಜೋಡಿಸುವ ನನ್ನ ಪಿಓಎಲ್ ಅಡಾಪ್ಟರ್ ಹಾಗೆಯೇ ಇದೆ.

ಹಳೇಫಿಟ್ಟರ್:
ತಿರುಪುಮೊಳೆಯವರೇ, ಉಲ್ಟಾ ಇರುವುದು ಮೆದುಗೊಳವೆ ಕೂರುವ ಪಿಓಎಲ್ ಬಾಯಿಯ ಥ್ರೆಡ್. ವಾಲ್ವ್ ಟ್ಯಾಂಕಿಗೆ ಕೂರುವ ಮುಕ್ಕಾಲು ಇಂಚಿನ ಟೇಪರ್ (ತುದಿಗೆ ಹೋದಂತೆ ಸಪೂರವಾಗುವ) ಥ್ರೆಡ್ ಎಂದಿನ ದಿಕ್ಕಿನದೇ.

ಕುಲುಮೆಪ್ರಿಯರೇ, ಬೆಂಕಿ ಬೇಡ. ಬರ್ನರ್ ಆರಿಹೋದ ಮೇಲೂ ಆ ಸುಮಾರು 21 ಲೀಟರಿನ ಟ್ಯಾಂಕಿನ ತುಂಬ ಹೊರಗಿನ ಗಾಳಿಯ ಒತ್ತಡದಲ್ಲಿ ಪ್ರೊಪೇನ್ ಆವಿ ಉಳಿದೇ ಇರುತ್ತದೆ. ತೂಕದಲ್ಲಿ ಸುಮಾರು 40 ಗ್ರಾಂ. ವಾಲ್ವ್ ಸಡಿಲವಾಗಿ ಗಾಳಿ ಒಳಹೊಕ್ಕು, ಅದರಲ್ಲಿ ಪ್ರೊಪೇನ್ ಪ್ರಮಾಣ ಶೇಕಡಾ 2ರಿಂದ 9.5ರ ನಡುವೆ ಬಂದರೆ ಕಿಡಿಯೊಂದೇ ಸಾಕು. ಮೂಗನ್ನು ನಂಬಬೇಡಿ, ಏಕೆಂದರೆ ವಾಸನೆಗೆಂದು ಬೆರೆಸುವ ಮರ್ಕ್ಯಾಪ್ಟನ್ ತುಕ್ಕಿಗೆ ಸೇರಿ ಮಂಕಾಗುತ್ತದೆ. ತಳದಲ್ಲಿ ಉಳಿದ ಜಿಡ್ಡು ಕಾಯಿಸಿದಾಗ ಮತ್ತೆ ಆವಿ ಬಿಡುತ್ತದೆ. ಮೇಲಾಗಿ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ, ಎರಡನ್ನೂ ಒಟ್ಟಿಗೆ ಕಾಯಿಸಿದರೆ ಆ ಟೇಪರ್ ಕಚ್ಚಿ ಇನ್ನಷ್ಟು ಬಿಗಿಯಾಗುತ್ತದೆ.

ನಿಮ್ಮ ತೊಂದರೆ ಥ್ರೆಡ್ಡಿನದಲ್ಲ, ಹಿಡಿತದ್ದು. ಮೊದಲು ಬಯಲಿನಲ್ಲಿ, ಬೇರೆ ಬೆಂಕಿಯಿಂದ ದೂರ, ಗ್ರಿಲ್ಲಿಗೆ ಜೋಡಿಸಿ ಬರ್ನರ್ ತಾನಾಗಿ ಆರುವವರೆಗೆ ಉರಿಸಿ ಖಾಲಿ ಮಾಡಿ. ಆಮೇಲೆ ಟ್ಯಾಂಕನ್ನು ಸರಪಳಿ ಸುತ್ತಿ ಹಿಡಿಯುವ ಚೈನ್ ವೈಸ್‌ನಲ್ಲೋ ಕಂಬಕ್ಕೋ ಭದ್ರವಾಗಿ ಬಿಗಿದು, ಸ್ಪ್ಯಾನರಿಗೆ ಉದ್ದ ಪೈಪು ತೊಡಿಸಿ ನಿಧಾನವಾಗಿ ಒತ್ತಿ. ವಾಲ್ವ್ ಬಂದ ಮೇಲೆ ಸೋಪುನೀರಿನಿಂದ ತೊಳೆದು, ಕಂಠದವರೆಗೆ ನೀರು ತುಂಬಿ ಚೆಲ್ಲಿ, ಕತ್ತರಿಸುವಾಗ ಗೆರೆಯ ತೀರಾ ಹತ್ತಿರದವರೆಗೆ ಮತ್ತೆ ನೀರು ತುಂಬಿಡಿ.

ಶೆಡ್ಡಿನವ:
ನೀರೇಕೆ? ಗ್ರೈಂಡರಿನಲ್ಲಿ ಕತ್ತರಿಸಿದರೆ ಜ್ವಾಲೆಯೇ ಇರುವುದಿಲ್ಲವಲ್ಲ.

ಹಳೇಫಿಟ್ಟರ್:
ಗ್ರೈಂಡರಿನಿಂದ ಹಾರುವುದು ಕಿಡಿಯೇ ಅಲ್ಲವೇ? ಕೆಲಸಕ್ಕೆ ಹೊಸ ಟ್ಯಾಂಕು ಸಿಗುವಂತಿದ್ದರೆ, ಅನಿಲವನ್ನೇ ತುಂಬಿಸದೆ ತಂದುಕೊಳ್ಳುವುದು ಇವೆಲ್ಲಕ್ಕಿಂತ ಸುಲಭ.

ಶೆಡ್ಡಿನವ:
ನನ್ನ ಹೊಸ ಗ್ರೈಂಡರಿನ ಕಿಡಿ ಬಹಳ ದೂರ ಹೋಗುವುದಿಲ್ಲ, ಗಾರ್ಡ್ ಗಟ್ಟಿಯಾಗಿದೆ. ಚಿತ್ರ ಹಾಕುತ್ತೇನೆ.

ಕುಲುಮೆಪ್ರಿಯ:
ಚೈನ್ ವೈಸ್ ಬಾಡಿಗೆಗೆ ಸಿಗುತ್ತದೆಯಂತೆ. ಟಾರ್ಚ್ ಒಳಗಿಟ್ಟಿದ್ದೇನೆ. ಸ್ಪ್ಯಾನರಿಗೆ ತೊಡಿಸುವ ಪೈಪು ಎಷ್ಟು ಉದ್ದವಿರಬೇಕು?

ತಿರುಪುಮೊಳೆ:
ಉದ್ದ ಎಷ್ಟಾದರೂ ಇರಲಿ, ಮೊದಲು ಬಲಗಡೆಗೆ ತಿರುಗಿಸಿ ನೋಡಿ.