ಅವ್ವನ ಜೋಡಿ ನಡಿಯಾಕ ರೋಬೋ: ನಾಯಿ ಛಲೋನೋ, ಕರು ಛಲೋನೋ?

ನವನಗರದಾಕಿ, ಬಾಗಲಕೋಟಿ
ನಮ್ಮವ್ವಗ ಡಿಮೆನ್ಶಿಯಾ, ಅಂದ್ರ ಮರವಿನ ಜಡ್ಡು. ಕಾಲಾಗ ಕಸುವು ಐತಿ, ದಾರಿ ಅಂದಾಜು ಉಳಿದಿಲ್ಲ. ಸಂಜಿ ಆತಂದ್ರ "ಮನಿಗೆ ಹೊಕ್ಕೀನಿ" ಅಂತ ಚಪ್ಪಲಿ ಹುಡುಕ್ತಾಳ. ಆಕಿ ಹೇಳೂ ಮನಿ ಹಳೇ ಊರಾಗ ಇತ್ತು, ಆಲಮಟ್ಟಿ ಹಿನ್ನೀರಾಗ ಹೋಗಿ ಎಷ್ಟೋ ವರ್ಷಾತು. ಅದನ್ನ ಹೇಳಿದ್ರ ಪ್ರತಿ ಸಲ ಹೊಸದಾಗಿ ಅಳ್ತಾಳ, ಹಂಗಾಗಿ ಹೇಳೂದ ಬಿಟ್ಟೀವಿ. ಸೆಕ್ಟರಿನಾಗ ಒಂದು ಸುತ್ತ ಹಾಕಿಸಿದ್ರ ಸಮಾಧಾನ ಆಗ್ತಾಳ.

ಅಣ್ಣನ ಮಗ ಇಂಜಿನಿಯರಿಂಗ್ ಕೊನೇ ವರ್ಷ. ಅಜ್ಜಿ ಜೋಡಿ ನಡಿಯೂ ರೋಬೋ ನಾಯಿ ಮಾಡ್ತಾನಂತ, ಅದೂ ನಮ್ಮ ಜಿಲ್ಲಾದ ಹೆಮ್ಮಿ ಅಂತ ಮುಧೋಳ ನಾಯಿ ಆಕಾರದ್ದು. ಮುಧೋಳ ನಾಯಿ ಮೊಲದ ಬೆನ್ನು ಹತ್ತೂದು, ಮುದುಕರ ಜೋಡಿ ಹೆಜ್ಜಿ ಹಾಕೂದಲ್ಲ! ಅವ್ವ ನಾಯಿ ಕಂಡ್ರ ಇವತ್ತಿಗೂ "ಹಚಾ" ಅಂತಾಳ. ಆಕಿ ಹಿಡಕೊಂಡು ಅಡ್ಡಾಡಿದ್ದು ಕರುಗಳನ್ನ. ಕರು ಮಾಡು ಅಂದ್ರ ನಗ್ತಾನ. ನೀವೇನಂತೀರಿ?

ಫಿಜಿಯೋಥೆರಪಿ ಮಾಡಾಕಿ, ವಿಜಯಪುರ
ಯಾವುದರ ಆಗಲಿ, ಹಗ್ಗ ಮಾತ್ರ ಕಟ್ಟಬ್ಯಾಡ್ರಿ ಅಕ್ಕಾರ. ಹಗ್ಗ ಎಳೀತೈತಿ, ಆಸರ ಕೊಡಂಗಿಲ್ಲ. ಬೆನ್ನ ಮ್ಯಾಲೆ ಗಟ್ಟಿ ಹಿಡಿಕಿ ಇರಲಿ, ನೆಟ್ಟಗ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರ್ತೈತಿ ಅಷ್ಟು ಎತ್ತರ. ಕಾಲಾಗ ಅಡ್ಡ ಬರಬಾರದು. ಮನಿ ನಾಯಿ, ಬೆಕ್ಕು ಎಡವಿ ಬಿದ್ದವರೂ ನಮ್ಮ ಕಡೆ ಬರ್ತಾರ. ಮತ್ತ ನಡಿಯೂಮುಂದ ಅದು ಮಾತಾಡೂದು ಬ್ಯಾಡ. ಮಾತಾಡಿಸಿದ್ರ ನಡಿಗಿ ನಿಂದ್ರಸೂ ವಯಸ್ಸಾದವರು ಬೀಳೂದು ಹೆಚ್ಚು ಅಂತ 1997ರಾಗ ಸ್ವೀಡನ್ನಿನವರು ತೋರಿಸ್ಯಾರ.

ಮೋಟರ್-ಸೆನ್ಸರ್ ಕೆಲಸದಂವ, ಬೆಳಗಾವಿ
ಹುಡುಗಗ ಹೇಳ್ರಿ: ನಾಕು ಕಾಲಿನ ಹುಚ್ಚು ಬಿಡು, ಗಾಲಿ ಹಾಕು, ತಳ ಅಗಲ ಇಡು, ಬ್ಯಾಟರಿ ಕೆಳಗಿರಲಿ. ಹಿಡಿಕಿ ಹಿಡಿದಾಗಷ್ಟ ಗಾಲಿ ತಿರುಗಬೇಕು. ಕೈ ಬಿಟ್ರ ಅಥವಾ ಚಾರ್ಜ್ ಮುಗದ್ರ ಬ್ರೇಕ್ ತಾನ ಬೀಳಬೇಕು. ಮುಂದ ಮೆಟ್ಲ ಐತಿ ಅಂತ ಗುರುತಿಸಾಕ ಇನ್‌ಫ್ರಾರೆಡ್ ಸೆನ್ಸರ್ (ಕಣ್ಣಿಗೆ ಕಾಣದ ಬೆಳಕು ನೆಲಕ್ಕ ಬಿಟ್ಟು ನೋಡೂದು) ಒಂದನ್ನ ನಂಬಬಾರದು. ಕರಿ ನೆಲದ ಮ್ಯಾಲೆ ಬೆಳಕು ವಾಪಸ್ ಬರಂಗಿಲ್ಲ, ತಗ್ಗು ಐತಿ ಅಂತ ನಿಂತು ಬಿಡ್ತೈತಿ.

ಡಿಮೆನ್ಶಿಯಾ ಇದ್ದವರ ಸಮಾಧಾನಕ್ಕ ಬಳಸೂ ಜಪಾನಿನ ಪಾರೋ ರೋಬೋ ಐತಲ್ಲ, ಅದು ನಡಿಯೂದಲ್ಲ, ತೊಡಿ ಮ್ಯಾಲೆ ಇಟ್ಕೊಳ್ಳೂದು. ಅದಕ್ಕ ಸೀಲ್ ಅನ್ನೂ ಸಮುದ್ರದ ಪ್ರಾಣಿ ಮರಿ ರೂಪ ಕೊಟ್ಟಿದ್ದ ಯಾಕಂದ್ರ, ಖರೇ ಸೀಲ್ ಸಾಕಿದವರು ಯಾರೂ ಇಲ್ಲ, ಇದು ಹಂಗಿಲ್ಲ ಅನ್ನಂಗಿಲ್ಲ. ನಿಮ್ಮವ್ವಗ ಕರು ಪೂರಾ ಗೊತ್ತು. ಕೈ ನೆಕ್ಕದ, ಸಗಣಿ ಹಾಕದ ಕರು ಒಪ್ಪತಾಳೇನು?

ನವನಗರದಾಕಿ
ಸಗಣಿ ಮಾತಿಗೆ ಹುಡುಗ ಇನ್ನೂ ನಗಾಕತ್ತಾನ್ರಿ. ಕರಿ ನೆಲದ ಮಾತು ಓದಿ ನಾನು ದಂಗಾದೆ. ನಮ್ಮ ಬಾಗಲದಾಗಿನ ಕರಿ ಕಾಲೊರಸು ಅವ್ವಗೂ ತಗ್ಗಿನಂಗ ಕಾಣತೈತಿ. ಚೌಕಟ್ಟು ಹಿಡದು, ಕಾಲು ಎತ್ತರ ಎತ್ತಿ ದಾಟಾಕ ಹೋಗ್ತಾಳ, ಜೋಲಿ ತಪ್ಪೂದ ಅಲ್ಲಿ. ಅದನ್ನ ಇವತ್ತ ತಗದೀನಿ.

ಕರುಗೆ ಮುಖ ಬ್ಯಾಡ ಅನಸ್ತೈತಿ. ಬಗಲಾಗ ನಡಿಯೂದರ ಮುಖ ಯಾರು ನೋಡ್ತಾರ? ಮೆತ್ತನ ಬೆನ್ನು, ಕೊಳ್ಳಾಗ ಗಂಟಿ ಸಾಕು. ಡಾಕ್ಟ್ರಕ್ಕಾ, ಗಂಟಿ ಸದ್ದೂ ಮಾತಿನ ಲೆಕ್ಕಕ್ಕ ಬರ್ತೈತೇನ್ರಿ?

ಫಿಜಿಯೋಥೆರಪಿ ಮಾಡಾಕಿ
ಒಂದ ಲಯದ ಸದ್ದು ಬ್ಯಾರೆ. ಪಾರ್ಕಿನ್ಸನ್ (ಕೈಕಾಲು ನಡುಗೂ, ನಡಿಗಿ ತಡಿಯೂ ಜಡ್ಡು) ಇದ್ದವರಿಗೆ ತಾಳದ ಮ್ಯಾಲೆ ಹೆಜ್ಜಿ ಹಾಕಸ್ತೀವಿ. ಆದ್ರ ನಿಮ್ಮವ್ವಗ ಹೆಂಗೋ ನೋಡಬೇಕು. ಕರು ಆಮ್ಯಾಲೆ, ಮೊದಲ ನೀವ ಕೈಯಾಗ ಗಂಟಿ ಹಿಡಕೊಂಡು ಆಕಿ ಬಗಲಾಗ ನಡೀರಿ. ಹೆಜ್ಜಿ ಜೋರಾದ್ರ ಕರುಗೆ ಗಂಟಿ ಕಟ್ಟಿಸಬ್ಯಾಡ್ರಿ.