ಸಿಟ್‌ಕಾಮ್‌ಗಳಲ್ಲಿ ಅಮ್ಮನ ಪಾತ್ರ ಮಾಡೋರು ಯಾಕೆ ಅರ್ಧಕ್ಕೇ ಬಿಟ್ಟು ಹೋಗ್ತಾರೆ?

ಹಳೇಟಿವಿ_ಪ್ರಿಯೆ:
ಹಳೇ ಅಮೆರಿಕನ್ ಹಾಸ್ಯ ಧಾರಾವಾಹಿಗಳನ್ನ, ಅಂದ್ರೆ ಸಿಟ್‌ಕಾಮ್‌ಗಳನ್ನ ಸಾಲಾಗಿ ನೋಡ್ತಾ ಇದೀನಿ. ‘ಫ್ರೆಶ್ ಪ್ರಿನ್ಸ್ ಆಫ್ ಬೆಲ್ ಏರ್’ ನಾಲ್ಕನೇ ಸೀಸನ್‌ಗೆ ಬಂದೆ, ಕಥಾನಾಯಕ ವಿಲ್‌ನ ಆಂಟಿ, ಆ ಮನೆಯ ಅಮ್ಮ ವಿವಿಯನ್ (ಆಂಟ್ ವಿವ್) ಜಾಗದಲ್ಲಿ ಬೇರೆ ಯಾರೋ ನಿಂತಿದಾರೆ, ಮನೆಯವರೆಲ್ಲ ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾತಾಡ್ತಿದಾರೆ. ವಿಲ್‌ನ ಗೆಳೆಯ ಜ್ಯಾಝ್ ಬಂದು ಮಗು ಆದ್ಮೇಲೆ ನೀವು ಯಾಕೋ ಬೇರೆ ಥರ ಕಾಣ್ತೀರಿ ಅಂತಾನೆ, ವಿಲ್ ಕ್ಯಾಮೆರಾ ಕಡೆ ತಿರುಗಿ ನೋಡ್ತಾನೆ, ಜನ ನಗ್ತಾರೆ, ಮುಗೀತು. ಮೂರು ವರ್ಷ ಆ ಮನೆ ನಡೆಸಿದ ಹೆಂಗಸಿಗೆ ಸಿಕ್ಕ ಬೀಳ್ಕೊಡುಗೆ ಅಷ್ಟೇನಾ ಅಂತ ನಿಜವಾಗ್ಲೂ ಬೇಜಾರಾಯ್ತು. ಆಮೇಲೆ ಗಮನಿಸಿದ್ರೆ ‘ಗುಡ್ ಟೈಮ್ಸ್’ನಲ್ಲೂ ಅಮ್ಮ ಒಂದು ಸೀಸನ್ ಪೂರ್ತಿ ಇರಲ್ಲ, ‘ಫ್ಯಾಮಿಲಿ ಮ್ಯಾಟರ್ಸ್’ನಲ್ಲಿ ಕೊನೇ ಸೀಸನ್ ಮಧ್ಯದಲ್ಲಿ ಅಮ್ಮ ಬದಲಾಗ್ತಾರೆ. ಮೂರೂ ಕಪ್ಪು ಕುಟುಂಬದ ಕಥೆಗಳು, ಮೂರರಲ್ಲೂ ಅಮ್ಮನೇ ಹೊರಗೆ. ಇದು ಬರೀ ದುಡ್ಡಿನ ಜಗಳನಾ, ಇಲ್ಲ ಪಾತ್ರದಲ್ಲಿ ಮಾಡೋಕೇ ಏನೂ ಉಳಿದಿರ್ಲಿಲ್ವಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಮಲ್ಲೇಶ್ವರದ_ಮಾವ:
ಗುಡ್ ಟೈಮ್ಸ್ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆ ಅಲ್ಲಿಂದಾನೇ ಶುರುವಾಗ್ಬೇಕು. ಆ ಶೋ ಹುಟ್ಟಿದ್ದೇ ಅಮ್ಮನ ಪಾತ್ರಕ್ಕೋಸ್ಕರ. ಎಸ್ತರ್ ರೋಲ್ ಮೊದಲು ‘ಮಾಡ್’ ಅನ್ನೋ ಶೋನಲ್ಲಿ ಫ್ಲಾರಿಡಾ ಅನ್ನೋ ಮನೆಕೆಲಸದಾಕೆ ಆಗಿದ್ರು, ಜನ ಅವರನ್ನ ಎಷ್ಟು ಇಷ್ಟಪಟ್ರು ಅಂದ್ರೆ 1974ರಲ್ಲಿ ಸಿಬಿಎಸ್ ಚಾನೆಲ್ ಅವರಿಗೇ ಒಂದು ಶೋ ಕೊಡ್ತು. ಮೊದಲು ಫ್ಲಾರಿಡಾಗೆ ಗಂಡ ಇರ್ಲಿಲ್ಲ, ಒಬ್ಬಳೇ ಮಕ್ಕಳನ್ನ ಸಾಕೋ ಹಾಗೆ ಯೋಚನೆ ಮಾಡಿದ್ರು. ಎಸ್ತರ್ ರೋಲ್ ಅದಕ್ಕೆ ಒಪ್ಪಲಿಲ್ಲ. ಕಪ್ಪು ಮನೆ ಅಂದ್ರೆ ಅಪ್ಪ ಇಲ್ಲದ ಮನೆ ಅಂತ ಟಿವಿನಲ್ಲಿ ಮತ್ತೆ ತೋರಿಸ್ಬೇಡಿ, ಗಂಡ ಬೇಕೇ ಬೇಕು ಅಂತ ಕೂತ್ರು. ಹಾಗೆ ಬಂದಿದ್ದು ಜಾನ್ ಏಮೋಸ್ ಮಾಡಿದ ಜೇಮ್ಸ್ ಪಾತ್ರ. ವಯಸ್ಸಲ್ಲಿ ಏಮೋಸ್ ಎಸ್ತರ್‌ಗಿಂತ 19 ವರ್ಷ ಚಿಕ್ಕವರು, ಆದ್ರೂ ಪರದೆ ಮೇಲೆ ಆ ಜೋಡಿ ನೋಡಿದ್ರೆ ಯಾರಿಗೂ ಹಾಗೆ ಅನ್ಸಲ್ಲ.

ಶುರುವಿನ ಎಪಿಸೋಡ್‌ಗಳನ್ನ ನೋಡಿ, ಶಿಕಾಗೋದ ಸರ್ಕಾರಿ ವಸತಿ ಕಟ್ಟಡದ ಒಂದು ಫ್ಲ್ಯಾಟು, ಬಾಡಿಗೆ ಕಟ್ಟೋಕಾಗಲ್ಲ, ಜೇಮ್ಸ್‌ಗೆ ಕೆಲಸ ನಿಲ್ಲಲ್ಲ, ಮಗ ಕಪ್ಪು ಏಸುವಿನ ಚಿತ್ರ ಬರೀತಾನೆ ಅದನ್ನ ಗೋಡೆಗೆ ಹಾಕ್ಬೇಕಾ ಬೇಡ್ವಾ ಅಂತ ದೇವರನ್ನ ನಂಬೋ ಅಮ್ಮನಿಗೂ ಮನೆಯವರಿಗೂ ವಾದ. ಇಂಥದ್ದು. ಆಮೇಲೆ ದೊಡ್ಡ ಮಗ ಜೆಜೆ ಆಗಿದ್ದ ಜಿಮ್ಮಿ ವಾಕರ್ ‘ಡೈನಮೈಟ್’ ಅಂತ ಕೂಗೋದು ಹಿಟ್ ಆಯ್ತು, ನಿರ್ದೇಶಕ ಜಾನ್ ರಿಚ್ ಅದು ಪ್ರತಿ ಎಪಿಸೋಡಲ್ಲೂ ಇರ್ಲೇಬೇಕು ಅಂತ ಪಟ್ಟು ಹಿಡಿದ್ರು, ಅಲ್ಲಿಂದ ಕಥೆ ಎಲ್ಲ ಜೆಜೆ ಕಡೆ ಹೊರಳ್ತು. 1975ರಲ್ಲೇ ರೋಲ್ ‘ಎಬನಿ’ ಪತ್ರಿಕೆಗೆ ಬಹಿರಂಗವಾಗಿ ಹೇಳಿದ್ರು, ಓದು ಬರಹ ಬೇಡ, ಕೆಲಸ ಬೇಡ, ಯೋಚನೆ ಮಾಡೋದೂ ಬೇಡ ಅನ್ನೋ ಹುಡುಗನ್ನ ನಮ್ಮ ಮಕ್ಕಳ ಮುಂದೆ ಮಾದರಿ ಥರ ಇಡ್ತಿದೀರಲ್ಲ ಅಂತ. ಗಮನಿಸಿ, ನನ್ನ ಡೈಲಾಗ್ ಕಮ್ಮಿ ಆಯ್ತು ಅಂತ ಅವರು ಅಳ್ತಿಲ್ಲ. ಇನ್ನೊಬ್ಬ ಮಗ ವಕೀಲಿಕೆ ಕನಸು ಕಾಣ್ತಾನೆ, ಮಗಳು ಡಾಕ್ಟರ್ ಆಗ್ಬೇಕು ಅಂತಾಳೆ, ಅವರ ಕಥೆ ಹೇಳಿ ಅಂತ ಏಮೋಸ್ ಕೂಡ ಬರಹಗಾರರ ಜೊತೆ ಗುದ್ದಾಡ್ತಿದ್ರು, ಅದಕ್ಕೇ 1976ರಲ್ಲಿ ಅವರನ್ನ ತೆಗೆದು ಜೇಮ್ಸ್‌ನ ಅಪಘಾತದಲ್ಲಿ ಸಾಯಿಸಿದ್ರು.

ಆ ಎಪಿಸೋಡ್ ನೋಡಿಲ್ಲ ಅಂದ್ರೆ ದಯವಿಟ್ಟು ನೋಡಿ. ಸಾವಿನ ಮನೆಗೆ ಬಂದೋರ ಮುಂದೆಲ್ಲ ಫ್ಲಾರಿಡಾ ನಗ್ತಾ ಓಡಾಡ್ತಾಳೆ, ಊಟ ಹಾಕ್ತಾಳೆ, ಒಂದ್ ಹನಿ ಕಣ್ಣೀರಿಲ್ಲ, ಮಕ್ಕಳಿಗೇ ಸಿಟ್ಟು ಬರುತ್ತೆ ಅಮ್ಮನಿಗೇನು ದುಃಖಾನೇ ಇಲ್ವಾ ಅಂತ. ಎಲ್ರೂ ಹೋದ್ಮೇಲೆ ಪಾತ್ರೆ ಎತ್ತಿಡ್ತಾ ಇರೋಳು ಪಾನಕದ ಗಾಜಿನ ಬೋಗುಣಿಯನ್ನ ಎತ್ತಿ ನೆಲಕ್ಕೆ ಕುಕ್ಕಿಬಿಡ್ತಾಳೆ. ಇಷ್ಟು ನಟನೆ ಒಳಗಿಟ್ಕೊಂಡಿರೋ ಮನುಷ್ಯರನ್ನ ವಾರಾವಾರ ಹುಡುಗನ ಜೋಕಿಗೆ ‘ಅಯ್ಯೋ ಜೆಜೆ’ ಅಂತ ಮುಖ ಮಾಡೋಕೆ ನಿಲ್ಲಿಸಿದ್ರೆ ಇರ್ತಾರಾ? ಇನ್ನೊಂದು ಸೀಸನ್ ಮಾಡಿ 1977ರಲ್ಲಿ ಹೊರಟೇ ಹೋದ್ರು. ಫ್ಲಾರಿಡಾ ಕಾರ್ಲ್ ಅನ್ನೋನನ್ನ ಮದ್ವೆಯಾಗಿ ಅರಿಜೋನಾಗೆ ಹೋದ್ಲು ಅಂತ ಕಥೆ ಕಟ್ಟಿದ್ರು, ಮಕ್ಕಳನ್ನ ಶಿಕಾಗೋದಲ್ಲೇ ಬಿಟ್ಟು! ಮಕ್ಕಳಿಗೆ ಅಪ್ಪ ಇರ್ಬೇಕು ಅಂತ ಜಗಳ ಆಡಿದ ನಟಿಯ ಪಾತ್ರಕ್ಕೆ ಅದು.

ರೊಟ್ಟಿ_ಶೇಂಗಾಚಟ್ನಿ:
ಮಾವ ಹೇಳಿದ್ದು ಖರೇ ಐತಿ, ಆದ್ರ ಎಲ್ಲಾನೂ ಒಂದ ಕಾರಣಕ್ಕ ಕಟ್ಟಬ್ಯಾಡ್ರಿ. ಆ ಶೋಗಳು ಎದುರಿಗೆ ಜನ ಕೂಡಿಸಿ ಶೂಟ್ ಮಾಡ್ತಿದ್ವು, ಯಾರ ಮಾತಿಗೆ ಜನ ಜೋರ ನಗ್ತಾರ ಮುಂದಿನ ವಾರ ಅವರಿಗೇ ಜಾಸ್ತಿ ಸೀನ್ ಬರೀತಾರ, ಇದರಾಗ ಯಾರೂ ಕೂತು ಅಮ್ಮನ್ನ ಹೊರಗ ಹಾಕೂಣು ಅಂತ ಸಂಚು ಮಾಡಿರಂಗಿಲ್ಲ. ಜೆಜೆನ್ನ ನೋಡಾಕಂತನ ಲಕ್ಷಗಟ್ಟಲೆ ಜನ ಟಿವಿ ಹಚ್ಚತಿದ್ರು, ಅವರೂ ಪ್ರೇಕ್ಷಕರ ಅಲ್ಲೇನ್ರಿ? ಜಿಮ್ಮಿ ವಾಕರ್ ಕಾಮಿಡಿ ಮಾಡಾಂವ, ಅಂವ ತನ್ನ ಕೆಲಸ ಮಾಡಿದ, ಅವನ ಮ್ಯಾಲೆ ಸಿಟ್ಟಾಗೂದ್ರಾಗ ಅರ್ಥ ಇಲ್ಲ.

ಮತ್ತ ದುಡ್ಡಿನ ಜಗಳಾನೂ ಭಾಳ ಅದಾವು. ವ್ಯಾಲರಿ ಹಾರ್ಪರ್ ಕೇಸ್ ನೋಡ್ರಿ, ಶೋ ಹೆಸರೇ ‘ವ್ಯಾಲರಿ’, ಮೂರು ಗಂಡುಮಕ್ಕಳ ತಾಯಿ ಪಾತ್ರ. ಎರಡು ಸೀಸನ್ ಆದಮ್ಯಾಲೆ ಸಂಬಳದ ತಕರಾರು ಆಗಿ 1987ರಾಗ ಅಕಿನ್ನ ತಗದ್ರು. ತಾಯಿ ಕಾರ್ ಅಪಘಾತದಾಗ ಸತ್ತಳು ಅಂತ ತೋರಿಸಿ, ಮಕ್ಕಳ ಅತ್ತಿ ಪಾತ್ರಕ್ಕ ಸ್ಯಾಂಡಿ ಡಂಕನ್‌ನ ತಂದು, ಹೆಸರು ಬದಲಿ ಮಾಡ್ಕೋತ ಕಡೀಕ ‘ದ ಹೋಗನ್ ಫ್ಯಾಮಿಲಿ’ ಅಂತ ಮಾಡಿ ಶೋ 1991ರ ತನಕ ನಡಸಿದ್ರು. ಅಕಿ ಕೋರ್ಟಿಗೆ ಹೋಗಿ 1988ರಾಗ ಗೆದ್ದಳು, 14 ಲಕ್ಷ ಡಾಲರ್ ಮ್ಯಾಲೆ ಲಾಭದಾಗೂ ಪಾಲು ಕೊಡ್ರಿ ಅಂತ ಜ್ಯೂರಿ ಹೇಳ್ತು. ಅಲ್ಲಿ ಪಾತ್ರ ಸಣ್ಣದಾಗಿದ್ದ ಮಾತೇ ಇರಲಿಲ್ಲ.

ನಾಲ್ಕನೇ_ಗೋಡೆ:
ಹವ್ಯಾಸಿ ನಾಟಕಗಳಲ್ಲಿ ಅಮ್ಮನ ಪಾತ್ರ ಬಹಳ ಮಾಡಿರೋಳು ನಾನು, ಅದಕ್ಕೇ ಈ ಥ್ರೆಡ್ ನೋಡಿ ಸುಮ್ನೆ ಹೋಗೋಕಾಗ್ಲಿಲ್ಲ. ರೊಟ್ಟಿಯವರೇ, ಸಂಚು ಇಲ್ಲ ನಿಜ, ಆದ್ರೆ ದುಡ್ಡು ಬೇರೆ ಪಾತ್ರ ಬೇರೆ ಅಂತ ನೀವು ಗೆರೆ ಎಳೀತಿದೀರಲ್ಲ ಅದು ಅಷ್ಟು ಸುಲಭ ಇಲ್ಲ, ಪಾತ್ರ ಸಣ್ಣದು ಮಾಡೋದು ಕಾಂಟ್ರ್ಯಾಕ್ಟ್ ಕಾಗದದಲ್ಲೇ ನಡೆಯುತ್ತೆ. ಫ್ರೆಶ್ ಪ್ರಿನ್ಸ್‌ನಲ್ಲಿ ಮೊದಲ ಆಂಟ್ ವಿವ್ ಆಗಿದ್ದ ಜ್ಯಾನೆಟ್ ಹ್ಯೂಬರ್ಟ್ ವಿಷಯ ತಗೊಳಿ, ಅವರು ನೃತ್ಯ ಕಲಿತು ಬಂದೋರು, ಬ್ರಾಡ್‌ವೇನಲ್ಲಿ ‘ಕ್ಯಾಟ್ಸ್’ ಅನ್ನೋ ಸಂಗೀತ ನಾಟಕದ ಮೊದಲ ತಂಡದಲ್ಲಿ ಇದ್ದೋರು. ಆ ಶಕ್ತಿ ಶೋಗೆ ಸಿಕ್ಕಾಗ ಏನಾಯ್ತು ಅಂತ ಎರಡನೇ ಸೀಸನ್‌ನಲ್ಲಿ ನೋಡ್ಬಹುದು, 40 ತುಂಬಿದ ವಿವಿಯನ್ ಮತ್ತೆ ಡ್ಯಾನ್ಸ್ ಆಡಿಷನ್‌ಗೆ ಹೋಗಿ ಅರ್ಧ ವಯಸ್ಸಿನ ಹುಡುಗೀರ ಮಧ್ಯೆ ನಿಂತು ಕುಣಿಯೋ ದೃಶ್ಯ. ಅವರ ಮುಖದಲ್ಲಿ ಬರೋ ಹಟ ನೋಡಿ, ಮೊದಲು ಆಸೆಪಡೋ ಒಬ್ಬ ಹೆಂಗಸು, ಯಾರ ಅಮ್ಮನೂ ಆಂಟಿನೂ ಆಮೇಲೆ. ಮೊದಲ ಸೀಸನ್‌ನಲ್ಲಿ ಮಕ್ಕಳ ಸ್ಕೂಲಿಗೇ ಬಂದು ಕಪ್ಪು ಜನರ ಇತಿಹಾಸ ಪಾಠ ಮಾಡಿ ವಿಲ್‌ನ ಬೆವರಿಳಿಸ್ತಾರೆ.

ಮೂರನೇ ಸೀಸನ್‌ನಲ್ಲಿ ಅವರು ಬಸುರಿ, ಅದನ್ನ ಕಥೆಯಲ್ಲೂ ತಂದ್ರು. ಅದಾದ್ಮೇಲೆ ಅವರ ಮುಂದೆ ಇಟ್ಟ ಹೊಸ ಕಾಂಟ್ರ್ಯಾಕ್ಟ್ ಹೇಗಿತ್ತು ಅಂತ ಅವರೇ ಹೇಳಿದಾರೆ, ವರ್ಷಕ್ಕೆ ಎರಡೂವರೆ ತಿಂಗಳ ಕೆಲಸ, ಆದ್ರೆ ಬೇರೆ ಎಲ್ಲೂ ನಟಿಸೋ ಹಾಗಿಲ್ಲ. ಕೈಯಲ್ಲಿ ಹಸುಗೂಸು, ಮನೇಲಿ ಕಷ್ಟ. ಅವರು ಒಪ್ಪಲಿಲ್ಲ, ಜಾಗಕ್ಕೆ ಡ್ಯಾಫ್ನಿ ಮ್ಯಾಕ್ಸ್‌ವೆಲ್ ರೀಡ್ ಬಂದ್ರು, ಊರೆಲ್ಲ ಸುದ್ದಿ ಆಗಿದ್ದು ಮಾತ್ರ ‘ಜಗಳಗಂಟಿ, ಅದಕ್ಕೇ ತೆಗೆದ್ರು’ ಅಂತ. ಆ ಶೋನ ನಾಯಕ ವಿಲ್ ಸ್ಮಿತ್ ಜೊತೆ ಹ್ಯೂಬರ್ಟ್ ಕೂತು ಮಾತಾಡಿದ್ದು 2020ರ ಪುನರ್ಮಿಲನದ ಕಾರ್ಯಕ್ರಮದಲ್ಲಿ, ಅಂದ್ರೆ 27 ವರ್ಷ ಆದ್ಮೇಲೆ. ಆ ಹೆಸರಿಂದ ನನಗೆ ಹಾಲಿವುಡ್‌ನಲ್ಲಿ ಕೆಲಸಾನೇ ಸಿಗ್ಲಿಲ್ಲ ಅಂತ ಅವರು ಮುಖಕ್ಕೇ ಹೇಳ್ತಾರೆ, ಆಗ ನಿಮ್ಮ ಕಷ್ಟ ನನಗೆ ಅರ್ಥ ಆಗಿರ್ಲಿಲ್ಲ ಅಂತ ಅವನು ಒಪ್ಕೊಳ್ತಾನೆ. ನೋಡ್ತಾ ನನಗಂತೂ ಗಂಟಲು ಕಟ್ಟಿಬಂತು.

ಫ್ಯಾಮಿಲಿ ಮ್ಯಾಟರ್ಸ್ ಕಥೆ ಬೇಗ ಹೇಳ್ತೀನಿ, ಗುಡ್ ಟೈಮ್ಸ್‌ನದೇ ಕಥೆ ಅದು. ಜೋಮರೀ ಪೇಟನ್ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ನಲ್ಲಿ ಲಿಫ್ಟ್ ಆಪರೇಟರ್ ಹ್ಯಾರಿಯೆಟ್ ಆಗಿದ್ರು, ಆ ಪಾತ್ರದ ಮೇಲೇ 1989ರಲ್ಲಿ ಹೊಸ ಶೋ ಕಟ್ಟಿದ್ರು. ಮೊದಲ ಸೀಸನ್ ಮಧ್ಯದಲ್ಲಿ ಒಂದೇ ಎಪಿಸೋಡಿಗೆ ಅಂತ ಬಂದ ಪಕ್ಕದ್ಮನೆ ಹುಡುಗ ಸ್ಟೀವ್ ಅರ್ಕಲ್ ವಾಪಸ್ ಹೋಗ್ಲೇ ಇಲ್ಲ, ಕೊನೆಕೊನೆಗೆ ಅವನದೇ ವಿಜ್ಞಾನದ ಯಂತ್ರಗಳು, ಅವನದೇ ಕ್ಲೋನು. ಮನೆ ಚಿಕ್ಕ ಮಗಳು ಜೂಡಿಯಂತೂ ನಾಲ್ಕನೇ ಸೀಸನ್ ಆದ್ಮೇಲೆ ಮಾಯ, ಎಲ್ಲಿಗೆ ಹೋದ್ಲು ಅಂತ ಹೇಳೋ ಸೌಜನ್ಯಾನೂ ಇಲ್ಲ. ಒಂಬತ್ತನೇ ಸೀಸನ್ ಮಧ್ಯದಲ್ಲಿ ಪೇಟನ್ ಹೊರಟ್ರು, ಉಳಿದ ಕೆಲವು ಎಪಿಸೋಡಿಗೆ ಜೂಡಿಯನ್ ಎಲ್ಡರ್ ಬಂದ್ರು.

ಒಂದು ಮಾತು ನಟರ ಕಡೆಯಿಂದ. ಇನ್ನೊಬ್ಬರ ಜೋಕಿಗೆ ಎದುರು ನಿಂತು ಮುಖ ಕೊಡೋದು ಕಷ್ಟದ ಕೆಲಸ, ನಾವು ಸರಿಯಾದ ಕ್ಷಣಕ್ಕೆ ಬೆಚ್ಚದೇ ಇದ್ರೆ ಜೋಕ್ ಬೀಳಲ್ಲ, ಚಪ್ಪಾಳೆ ಮಾತ್ರ ಅವರಿಗೆ. ಒಂದು ಪ್ರಯೋಗದಲ್ಲಿ ಅದನ್ನ ಖುಷಿಯಾಗಿ ಮಾಡ್ತೀವಿ, ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಎಪಿಸೋಡು, ಆರೇಳು ವರ್ಷ ಅದೇ ಅಂದ್ರೆ ನಟಿಯಾಗಿ ಒಳಗೆ ಒಣಗಿಹೋಗ್ತೀವಿ.

ಹಳೇಟಿವಿ_ಪ್ರಿಯೆ:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಹಾಗಾದ್ರೆ ಎಸ್ತರ್ ರೋಲ್ ಕೊನೇ ಸೀಸನ್‌ಗೆ ವಾಪಸ್ ಯಾಕೆ ಬಂದ್ರು? ಅಷ್ಟೆಲ್ಲ ಬೇಜಾರಾಗಿ ಹೋದೋರು. ಮತ್ತೆ ಜಗಳ ಏನೂ ಇಲ್ದೆ ಅಮ್ಮನ ಪಾತ್ರ ಬಿಟ್ಟೋರು ಯಾರಾದ್ರೂ ಇದಾರಾ?

ಮಲ್ಲೇಶ್ವರದ_ಮಾವ:
ವಾಪಸ್ ಬಂದಿದ್ದು ಶರತ್ತು ಹಾಕಿ. ಅವರಿಲ್ಲದ ಸೀಸನ್‌ನಲ್ಲಿ ಪುಟ್ಟ ಜ್ಯಾನೆಟ್ ಜ್ಯಾಕ್ಸನ್‌ನ ಕರ್ಕೊಂಡ್ ಬಂದ್ರೂ ರೇಟಿಂಗ್ ಇಳೀತು, ಅಮ್ಮನೂ ಇಲ್ಲ ಅಪ್ಪನೂ ಇಲ್ಲ, ಮನೆ ಅನ್ನೋದೇ ಇರ್ಲಿಲ್ವಲ್ಲ. ಆಗ ಅವರನ್ನ ಕರೆದ್ರು. ಸಂಬಳ ಜಾಸ್ತಿ ಮಾಡಿ, ಜೆಜೆಗೆ ಸ್ವಲ್ಪ ಜವಾಬ್ದಾರಿ ಬರೋ ಹಾಗೆ ಬರೀರಿ, ಆ ಕಾರ್ಲ್ ಪಾತ್ರ ನನಗೆ ಬೇಡ ಅಂದ್ರು. 1978ರಲ್ಲಿ ಬಂದ್ರು, ಕಾರ್ಲ್ ಸುದ್ದೀನೇ ಇಲ್ಲ, ಜೆಜೆಗೆ ಒಂದು ಕೆಲಸ ಸಿಕ್ತು, 1979ರಲ್ಲಿ ಶೋನೇ ಮುಗೀತು. ಅದೇ ವರ್ಷ ಒಂದು ಟಿವಿ ಸಿನಿಮಾದ ಪೋಷಕ ಪಾತ್ರಕ್ಕೆ ಅವರಿಗೆ ಟಿವಿಯವರ ದೊಡ್ಡ ಪ್ರಶಸ್ತಿ ಎಮ್ಮಿ ಬಂತು, ಗುಡ್ ಟೈಮ್ಸ್‌ಗೆ ಯಾವತ್ತೂ ಬಂದಿರ್ಲಿಲ್ಲ.

ಜಗಳ ಇಲ್ದೆ ಬಿಟ್ಟಿದ್ದು ಅಂದ್ರೆ ಜೀನ್ ಸ್ಟೇಪಲ್ಟನ್. ‘ಆಲ್ ಇನ್ ದ ಫ್ಯಾಮಿಲಿ’ಯ ಈಡಿತ್, ಮೂರು ಎಮ್ಮಿ ಬಂದ ಪಾತ್ರ, ಬರಹಗಾರರು ಆಕೆಗೆ ಒಳ್ಳೊಳ್ಳೆ ಎಪಿಸೋಡ್ ಕೊಟ್ಟಿದ್ರು. ಈ ಪಾತ್ರದಲ್ಲಿ ನಾನು ಮಾಡೋದೆಲ್ಲ ಮಾಡಾಯ್ತು ಅಂತ ತಾವೇ ಹೊರಗೆ ಬಂದ್ರು. ಮುಂದುವರಿದ ‘ಆರ್ಚಿ ಬಂಕರ್ಸ್ ಪ್ಲೇಸ್’ನಲ್ಲಿ ಸ್ವಲ್ಪ ಎಪಿಸೋಡ್ ಬಂದು ಹೋದ್ರು, 1980ರಲ್ಲಿ ಈಡಿತ್ ಸತ್ತಳು ಅಂತ ತೋರಿಸೋಕೆ ನಿರ್ಮಾಪಕ ನಾರ್ಮನ್ ಲಿಯರ್‌ಗೆ ಮನಸ್ಸೇ ಬರ್ಲಿಲ್ಲ, ಅವಳೊಂದು ಪಾತ್ರ ಅಷ್ಟೇ ಅಂತ ಸ್ಟೇಪಲ್ಟನ್ ಅವರೇ ಸಮಾಧಾನ ಹೇಳ್ಬೇಕಾಯ್ತು. ಆ ಎಪಿಸೋಡಲ್ಲಿ ಆರ್ಚಿ ಕೈಗೆ ಹೆಂಡ್ತಿಯ ಒಂದು ಚಪ್ಪಲಿ ಸಿಗುತ್ತೆ, ಅದನ್ನ ಹಿಡ್ಕೊಂಡು ಕೂತು ಮಾತಾಡ್ತಾನೆ. ಅಮ್ಮನ ಪಾತ್ರ ಹೋದ್ರೆ ಒಂದು ಶೋ ಅದನ್ನ ಹೀಗೂ ನಡೆಸಿಕೊಡ್ಬಹುದಿತ್ತು, ಗುಡ್ ಟೈಮ್ಸ್ ಮಾಡಿದ್ದೂ ಅದೇ ಲಿಯರ್ ಅವರ ಕಂಪನಿನೇ, ಫ್ಲಾರಿಡಾಗೆ ಯಾಕೆ ಅಷ್ಟು ಕಾಳಜಿ ತೋರಿಸ್ಲಿಲ್ಲ ಅನ್ನೋದು ನನ್ನ ಸಿಟ್ಟು.

ರೊಟ್ಟಿ_ಶೇಂಗಾಚಟ್ನಿ:
ಆ ಸಿಟ್ಟಿಗೆ ನಂದೂ ಒಪ್ಪಿಗಿ ಐತ್ರಿ. ನಾಲ್ಕನೇ ಗೋಡೆ ಅವರ, ಕಾಂಟ್ರ್ಯಾಕ್ಟಿನ ಮಾತು ನೀವು ಹೇಳಿದ್ದು ಬರೋಬ್ಬರಿ. ವರ್ಷ ಪೂರ್ತಿ ಕೆಲಸ ಕೊಡಂಗಿಲ್ಲ, ಬ್ಯಾರೆ ಕಡೆ ಹೋಗಾಕೂ ಬಿಡಂಗಿಲ್ಲ ಅಂದ್ರ ಅದು ಹೊರಗ ಹೋಗು ಅಂತ ಹೇಳಿದಂಗ. ಇವತ್ತ ರಾತ್ರಿ ಆ ಡ್ಯಾನ್ಸಿನ ಎಪಿಸೋಡ್ ಹಚ್ಚತೀನಿ.